ಟ್ರ್ಯಾಕ್ಟರಿಗೆ ಹುಣಸೆಬೀಜದ ಗಂಜಿ

ಮೊನ್ನೆ ಚಳ್ಳಕೆರೆಯ ಬಿಡಿಭಾಗದ ಅಂಗಡಿಯಲ್ಲಿ ಬೈಕಿನ ಚೈನು ಕೊಳ್ಳಲು ನಿಂತಿದ್ದೆ. ಗೋಡೆಯ ಮೊಳೆಗೆ ಹೆಡ್ ಗ್ಯಾಸ್ಕೆಟ್ಟೊಂದು ನೇತಾಡುತ್ತಿತ್ತು. ಸಾಲಾಗಿ ದೊಡ್ಡ ತೂತು, ಅವುಗಳ ಸುತ್ತ ಸಣ್ಣ ತೂತು. ಯಾರೋ ಹಸಿದವರು ಅಲ್ಲಲ್ಲಿ ಕಚ್ಚಿ ಬಿಟ್ಟ ತಗಡಿನ ರೊಟ್ಟಿಯ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯವನು ಅನುಮಾನದಿಂದ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಅವನಿಗೆ ವಿವರಿಸುವಷ್ಟು ಹೊತ್ತಿರಲಿಲ್ಲ. ನಿಮಗೆ ಇದೆ ಎಂದುಕೊಂಡು ಹೇಳುತ್ತೇನೆ.

ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ಮೈಗೂ ತಲೆಗೂ ನಡುವೆ ಕೂರುವ ತೆಳು ಹಾಳೆ. ಬೆಂಕಿ, ನೀರು, ಎಣ್ಣೆ ಮೂರೂ ಒಂದೇ ಮನೆಯಲ್ಲಿದ್ದು ಒಂದರ ಮುಖ ಒಂದು ನೋಡದಂತೆ ಕಾಯುವುದು ಅದರ ಕೆಲಸ. ಕೂಡುಕುಟುಂಬ ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಅದು ಒಡೆಯಿತೋ, ನೀರು ಎಣ್ಣೆಗೆ ಸೇರಿ ಮಜ್ಜಿಗೆಯಾಗುತ್ತದೆ. ರೇಡಿಯೇಟರು ಗುಳುಗುಳು ಎಂದು ಗುಟ್ಟು ಹೇಳತೊಡಗುತ್ತದೆ. ನನ್ನಿವಾಳದ ನಮ್ಮ ಸೋದರಮಾವನ ಟ್ರ್ಯಾಕ್ಟರಿಗೆ ಇವೆರಡೂ ಒಟ್ಟಿಗೆ ಬಂದಿದ್ದವು.

ಆ ಟ್ರ್ಯಾಕ್ಟರು ನನಗಿಂತ ಬಹಳ ಹಿರಿಯದು. ಅದರ ಬಣ್ಣ ಯಾವುದೆಂಬ ಬಗ್ಗೆ ಊರಲ್ಲಿ ಎರಡು ಅಭಿಪ್ರಾಯಗಳಿದ್ದವು. ಮಾವನಿಗೆ ಅದು ಪ್ರಾಣ. ಅತ್ತೆಗೆ ಅದು ಶೆಡ್ಡಿನಲ್ಲಿ ಕೂತ ಕಬ್ಬಿಣದ ನೆಂಟ. ಅತ್ತೆಯ ತವರು ಕೊಂಡ್ಲಹಳ್ಳಿ. ಹುಟ್ಟಿದಾಗಿನಿಂದ ರೇಷ್ಮೆ ಮಗ್ಗದ ಸದ್ದು ಕೇಳಿ ಬೆಳೆದವರು. ಊರಿಗೇ ಒಳ್ಳೆಯ ನೆರಳಿನ ಜಾಗವಾದ ಆ ಶೆಡ್ಡಿನಲ್ಲಿ ಒಂದು ಮಗ್ಗ ಹೂಡಬೇಕೆಂಬುದು ಅವರ ಬಹುಕಾಲದ ಆಸೆ.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳ ಭಾರದಿಂದ ಸ್ವಲ್ಪ ಬಾಗಿ ನಡೆಯುತ್ತಿದ್ದ ಕಾಲ. ರಜೆಗೆಂದು ಹೋದವನಿಗೆ ಅಂಗಳದಲ್ಲೇ ಮೊದಲ ಎದುರಾಳಿ ಸಿಕ್ಕ. ಮಾವ ಬೋಗುಣಿಯಲ್ಲಿ ಬಿಸಿ ಹುಣಸೆಬೀಜದ ಗಂಜಿ ಹಿಡಿದು ರೇಡಿಯೇಟರಿನ ಮುಚ್ಚಳ ತಿರುವುತ್ತಿದ್ದರು. ನಮ್ಮ ಕಡೆ ಕಂಬಳಿ ನೇಯ್ದ ಮೇಲೆ ಅದು ಗಟ್ಟಿ ನಿಲ್ಲಲಿ ಎಂದು ಈ ಗಂಜಿ ಬಳಿಯುತ್ತಾರೆ.

"ಏನ್ ಮಾವ ಇದು?"

"ಲೇ, ಇದನ್ನ ಬಳದ ಕಂಬಳಿ ಮಳೆ ನೀರು ಒಳಗ್ ಬಿಡ್ತೈತಾ? ಇಲ್ಲ. ಮತ್ತೆ ಇಲ್ಯಾಕ್ ಬಿಡ್ತೈತೆ?"

"ಸಾದೃಶ್ಯ ತಪ್ಪು ಮಾವ. ಕಂಬಳಿ ಒಳಗೆ ಬೆಂಕಿ ಉರಿಯಲ್ಲ."

"ಚಳಿಗಾಲದಾಗೆ ಹೊದ್ಕಂಡು ನೋಡು, ಗೊತ್ತಾಗ್ತೈತೆ" ಎಂದು ಮಾವ ಸುರಿದೇ ಬಿಟ್ಟರು.

ತರ್ಕದಲ್ಲಿ ನಾನು ಗೆದ್ದಿದ್ದೆ. ಆದರೆ ತೀರ್ಪುಗಾರರಿಲ್ಲದೆ ಗೆಲುವೆಲ್ಲಿ? ಆ ಕೆಲಸ ಎಂಜಿನ್ನೇ ಮಾಡಿತು. ಎಂಜಿನ್ ಕಾದಂತೆ ಮುಚ್ಚಳ ಮೇಲಕ್ಕೆದ್ದು, ಕಂದು ಬಣ್ಣದ ಮುದ್ದೆಯೊಂದು ಹೊರಗಿಣುಕಿ, ಸುತ್ತಲೂ ನೋಡಿ, ಬಾನೆಟ್ಟಿನ ಮೇಲೆ ನಿಧಾನವಾಗಿ ಇಳಿಯಿತು. ಎಲ್ಲಿದ್ದವೋ, ಕೋಳಿಗಳೆಲ್ಲ ಓಡಿಬಂದವು. ಅತ್ತೆ ಬಾಗಿಲಿಗೆ ಬಂದು ನೋಡಿ, "ಉಪ್ಪು ಹಾಕಿದ್ರಾ?" ಎಂದಷ್ಟೇ ಕೇಳಿದರು. ಆಮೇಲೆ ಮೆತ್ತಗೆ, "ಚಾಲು, ಸಾಕಿನ್ನು. ಇದನ್ನ ಗುಜರಿಗೆ ಹಾಕಿ, ನನ್ನ ಶೆಡ್ಡು ನನಗೆ ಕೊಡ್ರಿ" ಎಂದರು. ಅತ್ತೆಗೆ ಕೋಪ ಬಂದಾಗ ತವರಿನ ತೆಲುಗು ಒಂದೊಂದೇ ಮಾತಾಗಿ ಹೊರಬರುತ್ತದೆ.

ಮಾವನ ಮುಖ ನೋಡಲಾಗಲಿಲ್ಲ. ಟ್ರ್ಯಾಕ್ಟರಿನ ಪರ ವಕಾಲತ್ತು ಹಿಡಿದೆ. ಸರಿಯಾಗಿ ರಿಪೇರಿ ಮಾಡಿಸಿ ಪರೀಕ್ಷಿಸದೆ ಶಿಕ್ಷೆ ಕೊಡುವುದು ನ್ಯಾಯವಲ್ಲ ಎಂದು ಬಲಗೈ ಎತ್ತಿ ವಾದಿಸಿದೆ. ಅತ್ತೆ ಒಪ್ಪಿದರು: "ಸರಿ. ನಮ್ಮಣ್ಣನ ಮನೆಗೆ, ಕೊಂಡ್ಲಹಳ್ಳಿಗೆ ಹೋಗಿ ಬರ್ಲಿ. ದಾರ್ಯಾಗೆ ನಿಂತ್ರೆ ಗುಜರಿ. ನಿಲ್ದಿದ್ರೆ ಗಾಡಿ ಇರ್ಲಿ."

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಾನು ನಿಷ್ಪಕ್ಷಪಾತಿ. "ಖಾಲಿ ಹೋಗಿ ಬಂದರೆ ಅದೆಂಥ ಪರೀಕ್ಷೆ ಅತ್ತೆ? ನಾಳೆ ನೀವೇ ತಕರಾರು ತೆಗೀತೀರಿ. ಭಾರ ಹೊರಬೇಕು" ಎಂದೆ.

"ಭಾರ ಬೇಕಾ?" ಅತ್ತೆ ಯೋಚಿಸಿದರು. "ಹಂಗಾದ್ರೆ ನಮ್ಮಣ್ಣನ ಅಟ್ಟದ ಮ್ಯಾಲೆ ಹಳೇ ಮಗ್ಗ ಬಿದ್ದೈತೆ. ಅದನ್ನೇ ಹಾಕ್ಕಂಬರ್ಲಿ."

ಮಾವ ಖುಷಿಯಿಂದ ನನ್ನ ಬೆನ್ನು ತಟ್ಟಿದರು. ನಾನೂ ತಟ್ಟಿಸಿಕೊಂಡೆ.

ಚಳ್ಳಕೆರೆಯಿಂದ ಖಲೀಲ್ ಮಿಸ್ತ್ರಿ ಬಂದರು. ಅವರನ್ನು ವಿನಯವಂತರೆಂದು ಅವರ ಶತ್ರುಗಳೂ ಹೇಳಲಾರರು. ಬಂದವರೇ ಗಂಜಿಯನ್ನು ಬೆರಳಲ್ಲಿ ಮುಟ್ಟಿ, ಮೂಸಿ, "ಯಾ ಅಲ್ಲಾ! ಡೀಸೆಲ್ ಗಾಡಿಗೆ ನಾಷ್ಟಾ ಕೊಟ್ಟಿದೀರಲ್ರೀ ಗೌಡ್ರೇ!" ಎಂದರು. ನಟ್ಟುಗಳನ್ನೆಲ್ಲ ಬಿಚ್ಚಿದರೂ ಎಂಜಿನ್ನಿನ ತಲೆ ಏಳಲಿಲ್ಲ. ಗಂಜಿಯೇ ಅಂಟು ಹಾಕಿದೆ ಎಂದು ಮಿಸ್ತ್ರಿ. ವರ್ಷಗಳ ತುಕ್ಕು ಎಂದು ನಾನು. ಪುರಾವೆ ಎಲ್ಲಿ ಎಂದು ಅವರು, ಪುರಾವೆಯ ಹೊಣೆ ಆರೋಪ ಹೊರಿಸಿದವರದು ಎಂದು ನಾನು. ಎರಡು ಸುತ್ತು ಚಹಾ ಮುಗಿದರೂ ಚರ್ಚೆ ಮುಗಿಯಲಿಲ್ಲ. ಸುತ್ತಿಗೆ ಎತ್ತಿದರೆ ಮಾವ ಅಡ್ಡ ಬರುತ್ತಿದ್ದರು: "ಹೊಡೀಬ್ಯಾಡ್ರಿ, ಅದಕ್ಕೆ ನೋವಾಗ್ತೈತೆ."

"ಹಂಗಾದ್ರೆ ಅದೇ ತಲೆ ಎತ್ಲಿ" ಎಂದ ಮಿಸ್ತ್ರಿ ನಟ್ಟುಗಳನ್ನು ತುದಿಗೆ ಮಾತ್ರ ಸಿಕ್ಕಿಸಿ, "ಸೆಲ್ಫ್ ಹೊಡೀರಿ" ಎಂದರು. ಎಂಜಿನ್ ಎರಡು ಸಲ ನರಳಿತು. ಒಳಗಿನ ಗಾಳಿಯ ಒತ್ತಡಕ್ಕೆ ತಲೆ ಢಬ್ ಎಂದು ಸಡಿಲಾಯಿತು. ಮಜ್ಜಿಗೆಯಂಥ ಎಣ್ಣೆ ಚಿಮ್ಮಿ ಚರ್ಚೆಯ ಕಪ್ಪು ಗೆಲ್ಲುವಾಗೆಲ್ಲ ತೊಡುತ್ತಿದ್ದ ನನ್ನ ಬಿಳಿ ಅಂಗಿಯ ಮೇಲೆ ಕೂತಿತು. ಕೊನೆಗೂ ತುಕ್ಕೋ ಗಂಜಿಯೋ ತೀರ್ಮಾನವಾಗಲಿಲ್ಲ. ಒಳಗೆ ಎರಡೂ ಧಾರಾಳವಾಗಿದ್ದವು.

ಹಳೆಯ ಗ್ಯಾಸ್ಕೆಟ್ ಎರಡು ತೂತುಗಳ ನಡುವೆ ಸುಟ್ಟು ದಾರಿಯಾಗಿತ್ತು. ಮೇಲ್ಮೈ ಕೆರೆದು, ಉಕ್ಕಿನ ಪಟ್ಟಿ ಇಟ್ಟು ಮಟ್ಟ ನೋಡಿ, ಹೊಸದನ್ನು ಕೂರಿಸಿ, ಎಣ್ಣೆ ಬದಲಿಸಿದ್ದಾಯಿತು. ನಟ್ಟುಗಳನ್ನು ಚೀಲ ಹೊಲಿದ ಹಾಗೆ ಒಂದು ತುದಿಯಿಂದ ಬಿಗಿಯಲು ಹೊರಟ ಮಾವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಮಿಸ್ತ್ರಿ ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿದರು. ಹೊರಡುವ ಮುಂಚೆ ಮಾವ ಚಕ್ರದಡಿ ನಿಂಬೆಹಣ್ಣಿಟ್ಟರು. ಇದು ಯಾವ ಭಾಗಕ್ಕೆ ಎಂದು ನಾನು ಕೇಳದಿರುತ್ತೇನೆಯೇ? ಉತ್ತರ ಮಿಸ್ತ್ರಿಯಿಂದ ಬಂತು: "ಗಾಡಿಗಲ್ಲ ಭಾಯ್, ಡ್ರೈವರ್‌ಗೆ. ನಡುಗ್ತಾವ್ರೆ ನೋಡು."

ಕೊಂಡ್ಲಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ನಾನು ಮಡ್‌ಗಾರ್ಡಿನ ಮೇಲೆ ಕೂತು ರೇಡಿಯೇಟರನ್ನು ಕಾದೆ. ಒಂದು ಗುಳುಕೂ ಇಲ್ಲ. ಮಗ್ಗದ ತೊಲೆಗಳನ್ನು ಟ್ರೇಲರಿಗೆ ಹೇರಿ ವಾಪಸ್ಸು ಬರುವಾಗ ಮಾವ ಎದುರು ಸಿಕ್ಕ ಕುರಿಮಂದೆಗೂ ಕೈಬೀಸಿದರು. ಅಂಗಳಕ್ಕೆ ಬಂದು, ಎಂಜಿನ್ ನಿಲ್ಲಿಸದೆಯೇ ಕೂಗಿದರು: "ನಿಲ್ಲಲಿಲ್ಲ ಕಣೇ! ಎಲ್ಲೂ ನಿಲ್ಲಲಿಲ್ಲ!"

"ಹೌದ್ರೀ, ನೀವು ಗೆದ್ರಿ. ಗಾಡಿ ಇರ್ಲಿ" ಎಂದರು ಅತ್ತೆ. "ಈಗ ಮಗ್ಗ ಇಳಸ್ರಿ. ಬಿಸ್ಲಾಗೆ ಇಟ್ರೆ ಮರ ಸೀಳ್ತೈತೆ."

"ಎಲ್ಲಿಗೆ?"

ಅತ್ತೆ ಶೆಡ್ಡಿನ ಕಡೆ ನೋಡಿದರು. ಟ್ರ್ಯಾಕ್ಟರು ಹೊರಟ ಮೇಲೆ ಅದನ್ನು ಗುಡಿಸಿ, ಸಗಣಿ ಸಾರಿಸಿ, ಮಗ್ಗದವರು ಕಾಲಿಳಿಬಿಟ್ಟು ಕೂರುವ ಗುಂಡಿಯನ್ನೂ ತೋಡಿಸಿದ್ದರು. ಮಾವ ನನ್ನನ್ನು ನೋಡಿದರು. ನಾನು ಟ್ರ್ಯಾಕ್ಟರನ್ನು ನೋಡಿದೆ. ಗಾಡಿ ಇರಲಿ ಎಂದು ತೀರ್ಪಾಗಿತ್ತು. ಎಲ್ಲಿರಲಿ ಎಂಬುದನ್ನು ನಮ್ಮ ಪಕ್ಷ ಕೇಳಿರಲೇ ಇಲ್ಲ.

ಅಂಗಡಿಯಿಂದ ಮೊನ್ನೆ ನೇರ ನನ್ನಿವಾಳಕ್ಕೇ ಹೋದೆ. ಮಾವ ಬೇವಿನ ಮರದಡಿ ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕಾಗೆಗಳು ಬಾನೆಟ್ಟಿಗೆ ಹೊಸ ಬಣ್ಣ ಕೊಡುತ್ತಿದ್ದವು. "ನೀನೇ ಮಾಡಿದ್ದು, ನೀನೇ ಬಿಡಿಸ್ಲೇ" ಎಂದರು. "ಅರ್ಧ ಶೆಡ್ಡಾದ್ರೂ ಕೊಡಿಸು. ಹೋಗಿ ವಾದ ಮಾಡು."

ಮರದಿಂದ ಶೆಡ್ಡಿಗೆ ನಡೆಯುವಷ್ಟರಲ್ಲೇ ಮೂರು ಅಂಶ ಸಿದ್ಧಮಾಡಿಕೊಂಡು ಒಳಹೊಕ್ಕೆ. ಅತ್ತೆ ರಾಟೆಯ ಮುಂದೆ ಕೂತಿದ್ದರು. "ಬಾರಪ್ಪ, ಒಳ್ಳೇ ಹೊತ್ತಿಗೆ ಬಂದೆ. ಇದನ್ನೊಂಚೂರು ಹಿಡ್ಕ" ಎಂದು ನೇರಳೆ ಬಣ್ಣದ ರೇಷ್ಮೆ ಲಡಿಯೊಂದನ್ನು ನನ್ನ ಎರಡೂ ಕೈಗೆ ಬಳೆಯ ಹಾಗೆ ತೊಡಿಸಿಬಿಟ್ಟರು. "ಹ್ಞಾಂ, ಏನೋ ಹೇಳಾಕೆ ಬಂದಂಗಿತ್ತು. ಹೇಳು."

ಬಾಯಿ ತೆರೆದೆ. ಕೈ ಎತ್ತದೆ ವಾದ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಮಾತಾಡಪ್ಪ. ಬಾಯಿ ಏನ್ ಕಟ್ಟಿಲ್ಲಲ್ಲ?"

"ಅತ್ತೆ, ಈ ಕಡೆ ಎಳೆ ಸ್ವಲ್ಪ ಸಡಿಲ ಆಯ್ತು, ನೋಡ್ರಿ" ಎಂದೆ.

ಹೊರಗಿನಿಂದ ಮಾವ ಕೂಗಿದರು: "ಲೇ, ವಾದ ಎಲ್ಲಿಗ್ ಬಂತು?"

"ನಡೀತಾ ಐತೆ ಮಾವ" ಎಂದು ಕೂಗಿ, ಅತ್ತೆ ಹೇಳಿದಂತೆ ಕೈಗಳನ್ನು ಇನ್ನಷ್ಟು ಅಗಲ ಮಾಡಿದೆ.