ಚೌಪಾಟಿಯಲ್ಲಿ ನಾನು ಹಿಡಿದ ಕಳ್ಳ

ಮುಂಬಯಿಯ ಚೌಪಾಟಿಯಲ್ಲಿ ನಾನು ಹಿಡಿದುಕೊಟ್ಟವನು ಕಳ್ಳನಾಗಿರಲಿಲ್ಲ. ನಮ್ಮ ದೊಡ್ಡವ್ವನ ಇಷ್ಟಲಿಂಗವನ್ನು ಯಾರೂ ಕದಿಯಲಿಲ್ಲ. ಅದು ಅವಳ ಕೊರಳಿಂದ ಜಾರಿ ಉಸುಕಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಓಡೋಡಿ ಬಂದು ಮರಳಿ ಕೊಡಲು ಕೈ ಚಾಚಿದವನನ್ನೇ ನಾನು ಕಳ್ಳನೆಂದು ಕೂಗಿ ಜನರ ಕೈಗೆ ಒಪ್ಪಿಸಿದೆ. ಕೂಗುವಾಗ ನನಗೆ ಗೊತ್ತಿರಲಿಲ್ಲ — ಅದು ನಿಜ. ಆದರೆ ಮೊದಲ ಏಟು ಬೀಳುವುದರೊಳಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ನಿಂತೆ.

ಬೈಲಹೊಂಗಲದಲ್ಲಿ ನೀವೆಲ್ಲ ಕೇಳಿದ್ದು ಬೇರೆಯೇ ಕತೆ. ಕೇಳಿದ್ದು ನನ್ನ ಬಾಯಿಂದಲೇ. ಗೋವೆಗೋ ಮುಂಬಯಿಗೋ ಹೊರಟವರು ಇಂದಿಗೂ ನಮ್ಮ ಕಟ್ಟೆಗೆ ಬಂದು ಕೂರುತ್ತೀರಿ. ರಾಮದುರ್ಗದ ಬೀಗರು ಹೋದ ತಿಂಗಳು ಬಂದಿದ್ದರು. “ಕಾಕಾರ, ಹುಡುಗ್ರು ಸಮುದ್ರ ನೋಡಾಕ ಹೊಂಟಾವ. ಕಿಸೆಗಳ್ಳರದು ನಾಕ್ ಮಾತು ಹೇಳ್ರಿ” ಎಂದರು. ನಾನು ಗಂಟಲು ಸರಿಮಾಡಿಕೊಂಡೆ. ರೊಕ್ಕವನ್ನು ಬನಿಯನ್ನಿನ ಒಳಗಿಸೆಯಲ್ಲಿಟ್ಟು ಪಿನ್ನು ಹಾಕಬೇಕು, ಚೀಲ ಬೆನ್ನಿಗಲ್ಲ ಹೊಟ್ಟೆಗೆ ಹಾಕಿಕೊಳ್ಳಬೇಕು, ರೈಲಿನ ಬಾಗಿಲಲ್ಲಿ ನಿಲ್ಲಬಾರದು, ಹೆಂಗಸರು ಮುಂದೆ, ಗಂಡಸು ಹಿಂದೆ. ಮುಖ್ಯವಾದದ್ದು ಇದು — ನಿಮ್ಮ ವಸ್ತು ಬಿದ್ದಿದೆ ಎಂದು ಹಿಂದಿನಿಂದ ಯಾರಾದರೂ ಕೂಗಿದರೆ ತಿರುಗಿ ನೋಡಬಾರದು, ಅದು ಅವರ ಮೊದಲ ಉಪಾಯ. ಬೀಗರು ತಲೆದೂಗಿದರು, ಚಹಾ ಕುಡಿದರು, ಹೋದರು. ಅವರ ತೆರೆದ ಬಾಯಿ ನೋಡಿ ನನಗೆ ಹೇಸಿಕೆಯಾಯಿತು. ಅವರಿಗಿಂತ ಹೆಚ್ಚಾಗಿ ನನ್ನ ನಾಲಿಗೆಯ ಬಗ್ಗೆ ಹೇಸಿಕೆಯಾಯಿತು. ಇಷ್ಟು ವರ್ಷ ಅದು ಒಮ್ಮೆಯೂ ತೊದಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಇಲ್ಲಿನ ಹತ್ತಿ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಮಾಲಕರ ಚೀಲ ಹೊತ್ತುಕೊಂಡು ಒಮ್ಮೆ ಮುಂಬಯಿಗೆ ಹೋಗಿಬಂದಿದ್ದೆ. ಅಷ್ಟಕ್ಕೇ ನನ್ನ ತಲೆ ತಿರುಗಿತ್ತು. ಊರಿನವರೆಲ್ಲ ಬಾವಿಕಪ್ಪೆಗಳು, ಲೋಕ ಕಂಡವನು ನಾನೊಬ್ಬನೇ! ಕ್ಷೌರದಂಗಡಿಯಲ್ಲಿ ಕೂತು ಮುಂಬಯಿಯ ಕಳ್ಳರು ಬ್ಲೇಡನ್ನು ಬೆರಳ ಸಂದಿಯಲ್ಲಿ ಹೇಗೆ ಹಿಡಿಯುತ್ತಾರೆಂದು ತೋರಿಸುತ್ತಿದ್ದೆ. ನಾನು ಒಬ್ಬನೇ ಒಬ್ಬ ಕಿಸೆಗಳ್ಳನನ್ನೂ ಕಣ್ಣಾರೆ ಕಂಡಿರಲಿಲ್ಲ.

ದೊಡ್ಡವ್ವ ಎಂದರೆ ನಮ್ಮ ತಾಯಿಯ ಅಕ್ಕ, ಗಂಗವ್ವ. ಚಿಕ್ಕಂದಿನಲ್ಲೇ ತಾಯಿ ಹೋದಾಗ ನನ್ನನ್ನು ಸಂಪಗಾಂವಿಗೆ ಕರೆದೊಯ್ದು ಸಾಕಿದವಳು. ಗಂಡನೂ ಇಲ್ಲ, ಮಕ್ಕಳೂ ಇಲ್ಲ, ನಾನೇ ಎಲ್ಲ. ಅವಳ ಮನೆ ರಸ್ತೆಗೆ ಹತ್ತಿದಂತೆಯೇ ಇತ್ತು. ಬಾಗಿಲಿಗೆ ಅಗಳಿ ಹಾಕಿದ್ದನ್ನು ಹಗಲಲ್ಲಿ ನಾನು ನೋಡಿದ್ದೇ ಇಲ್ಲ. ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬು ಹೇರಿಕೊಂಡು ಹೊರಟ ಗಾಡಿಯವರು ಅಲ್ಲಿ ಎತ್ತು ನಿಲ್ಲಿಸಿ ಮಜ್ಜಿಗೆ ಕುಡಿದೇ ಮುಂದೆ ಹೋಗುತ್ತಿದ್ದರು. “ಯಾವೂರೋ ತಮ್ಮಾ? ಕುಂಡ್ರು, ಬಿಸಲಾಗ ಬಂದಿ” — ಕಂಡವರಿಗೆಲ್ಲ ಇದೇ ಮಾತು. ನನಗೆ ನಾಚಿಕೆಯಾಗುತ್ತಿತ್ತು. ಹಳ್ಳಿ ಮುದುಕಿ, ಜನರ ಬೆಲೆ ಗೊತ್ತಿಲ್ಲ ಎಂದು ಒಳಗೊಳಗೇ ಮೂಗು ಮುರಿಯುತ್ತಿದ್ದೆ.

ಅವಳಿಗಿದ್ದದ್ದು ಒಂದೇ ಆಸೆ — ಸಮುದ್ರ ನೋಡುವುದು. “ಅಷ್ಟ್ ನೀರು ಇರತೈತಂತ, ಆಚಿ ದಂಡಿನ ಕಾಣಂಗಿಲ್ಲಂತ. ಖರೇನ ಈರಣ್ಣಾ?” ಎಂದು ನನ್ನನ್ನು ಕೇಳುತ್ತಿದ್ದಳು. ನನ್ನ ಮದುವೆಯಾದ ವರ್ಷ, ಹೆಂಡತಿ ಶಾಂತಾಳೊಡನೆ ಅವಳನ್ನೂ ಕರೆದುಕೊಂಡು ಮುಂಬಯಿಗೆ ಹೊರಟೆ. ಹೊರಡುವ ಮುನ್ನ ನನ್ನ ಕಣ್ಣು ಅವಳ ಕೊರಳಿಗೆ ಬಿತ್ತು. ಇಷ್ಟಲಿಂಗದ ಕರಡಿಗೆ ಬೆಳ್ಳಿಯದು, ದೊಡ್ಡದು, ಅವಳ ಗಂಡ ಮಾಡಿಸಿಕೊಟ್ಟದ್ದು. ಇದನ್ನು ಹಾಕಿಕೊಂಡು ಮುಂಬಯಿಯಲ್ಲಿ ನಡೆದರೆ ಕೊರಳೇ ಉಳಿಯುವುದಿಲ್ಲ ಎಂದೆ.

“ಲಿಂಗ ಮೈಮ್ಯಾಲಿಂದ ತಗೀಬಾರದೋ” ಎಂದಳು.

“ಲಿಂಗ ಇರಲಿ, ಬೆಳ್ಳಿ ಅಷ್ಟ ತಗಿ. ಅರಿವ್ಯಾಗ ಕಟ್ಟಿಕೊಂಡ್ರ ನಡೀತೈತಿ.”

ಶಾಂತಾಳ ಕುಪ್ಪಸ ಹೊಲಿಸಿ ಉಳಿದ ಹಸಿರು ಖಣದ ತುಂಡು ಸಿಕ್ಕಿತು. ಅದರಲ್ಲಿ ಲಿಂಗವನ್ನು ಕಟ್ಟಿಕೊಂಡಳು, ಈ ವಯಸ್ಸಿಗೆ ಮದುಮಗಳಾದೆ ಎಂದು ನಕ್ಕಳು. ಹಳೆಯ ನೂಲಿನ ಶಿವದಾರವನ್ನೂ ನಾನು ತೆಗೆಸಿದೆ. ಬೆಳಗಾವಿಯಿಂದ ನೈಲಾನ್ ದಾರ ತಂದಿದ್ದೆ — ಆಗ ಅದು ನಮ್ಮ ಕಡೆ ಹೊಸತು. ಯಾವ ಬ್ಲೇಡಿಗೂ ಇದು ಬಗ್ಗುವುದಿಲ್ಲ ಎಂದು ಭಾಷಣ ಮಾಡುತ್ತ ನಾನೇ ಗಂಟು ಹಾಕಿದೆ. ನೈಲಾನಿನ ಗಂಟು ತಾನಾಗಿಯೇ ಸಡಿಲವಾಗುತ್ತದೆ. ನುಣುಪಾದದ್ದರಲ್ಲಿ ಗಂಟು ನಿಲ್ಲುವುದಿಲ್ಲ ಎಂದು ಬಾವಿಗೆ ಹಗ್ಗ ಬಿಡುವ ಯಾವ ಹೆಂಗಸಿಗಾದರೂ ಕೇಳಿದ್ದರೆ ಹೇಳುತ್ತಿದ್ದಳು. ಕೇಳುವ ಜಾತಿಯವನಾಗಿರಲಿಲ್ಲ ನಾನು. ಮುಂಬಯಿಯಲ್ಲಿ ಎರಡನೆಯ ಬೆಳಗ್ಗೆ ದೊಡ್ಡವ್ವ ಪೂಜೆ ಮುಗಿಸಿ, “ಈ ದಾರ ಯಾಕೋ ಜಾರಾಕ ಹತ್ತೈತಿ, ನನ್ನ ಹಳೇದ ಕೊಡೋ” ಎಂದಳು. ನಾನು ನಕ್ಕುಬಿಟ್ಟೆ.

ಅಂದು ಸಂಜೆ ಚೌಪಾಟಿ. ಸಮುದ್ರ ಕಂಡೊಡನೆ ದೊಡ್ಡವ್ವ ಕೈ ಮುಗಿದಳು, ಸೀರೆ ಮೊಣಕಾಲಿಗೇರಿಸಿಕೊಂಡು ನೀರಿಗಿಳಿದಳು. ತೆರೆ ಬಂದಾಗ ಹುಡುಗಿಯಂತೆ ಕೂಗಿದಳು. ಮೇಲೆ ಬಂದು ಉಸುಕಿನಲ್ಲಿ ಕೂತಾಗ ಪಕ್ಕದಲ್ಲಿ ಒಬ್ಬ ಬಡಕಲು ಮನುಷ್ಯ, ಮಾಸಿದ ಅಂಗಿ, ಜೊತೆಗೆ ಪುಟ್ಟ ಮಗಳು. ದೊಡ್ಡವ್ವನಿಗೆ ಮರಾಠಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಇಬ್ಬರೂ ಮಾತಾಡಿದರು. ಅವಳು ಆ ಹುಡುಗಿಯ ಬಿಚ್ಚಿಹೋದ ಜಡೆಯನ್ನು ಹೆಣೆದುಕೊಟ್ಟಳು. ಅವನು ಅವಳನ್ನು ತನ್ನ ತಾಯಿಯ ಅಕ್ಕತಂಗಿಯೆಂಬಂತೆ ‘ಮಾವಶಿ, ಮಾವಶಿ’ ಎನ್ನುತ್ತಿದ್ದ. ನಾನು ಎದ್ದು ನಿಂತು, “ಸಾಕ ನಡೀ, ಇಂಥವರನ್ನ ಹತ್ರ ಸೇರಸಬಾರದು” ಎಂದು ಗದರಿದೆ. ಹೆಂಗಸರನ್ನು ಮುಂದೆ ಬಿಟ್ಟು, ನನ್ನದೇ ನಿಯಮದಂತೆ, ಹಿಂದೆ ಹಿಂದೆ ಕಾವಲು ನಡೆದೆ.

ಗದ್ದಲದಲ್ಲಿ ಯಾರೋ “ಅಹೋ, ಥಾಂಬಾ” ಎಂದು ಕೂಗುತ್ತಿದ್ದರು. ನಿಲ್ಲಿ ಎಂದು. ತಿರುಗಲಿಲ್ಲ — ತಿರುಗಬಾರದಲ್ಲ! ಇನ್ನಷ್ಟು ಬಿರುಸಾಗಿ ನಡೆದೆ. ಹಿಂದಿನಿಂದ ಒಂದು ಕೈ ನನ್ನ ತೋಳು ಹಿಡಿಯಿತು. ಇಷ್ಟು ದಿನ ಕಾದಿದ್ದ ಗಳಿಗೆ ಬಂತೆಂದು ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು “ಚೋರ! ಪಾಕೀಟಮಾರ!” ಎಂದು ಕಿರುಚಿದೆ. ಜನ ಕೂಡಿದರು. ಅದೇ ಬಡಕಲು ಮನುಷ್ಯ. ಏದುಸಿರು ಬಿಡುತ್ತ ಮುಷ್ಟಿ ಬಿಚ್ಚಿದ. “ಮಾವಶೀಂಚಾ ದೇವ ಪಡಲಾ ಹೋ” ಎಂದ.

ಮಾವಶಿಯ ದೇವರು ಬಿದ್ದಿತ್ತು. ಮರಾಠಿ ನನಗೆ ಮನೆಮಾತಿನಷ್ಟೇ ಬರುತ್ತದೆ. ಅವನ ಅಂಗೈಯಲ್ಲಿ ಶಾಂತಾಳ ಹಸಿರು ಖಣ. ಅದರಿಂದ ಇಳಿಬಿದ್ದ ನೈಲಾನ್ ದಾರ, ಎರಡೂ ತುದಿ ನೆಟ್ಟಗೆ, ಎಲ್ಲಿಯೂ ಕತ್ತರಿಸಿದ ಗುರುತಿಲ್ಲ.

ಒಂದು ಮಾತು ಸಾಕಾಗಿತ್ತು. ಬಿಡಿ, ನನ್ನದೇ ತಪ್ಪು — ಇಷ್ಟೇ. ಆ ಮಾತನ್ನು ಆಡಿದ್ದರೆ ಅದೇ ಜನ ನನ್ನನ್ನು ನೋಡಿ ನಗುತ್ತಿದ್ದರು. ನನ್ನ ಗಂಟು, ನನ್ನ ದಾರ, ನನ್ನ ಜಾಣತನ, ಎಲ್ಲವೂ ಹೆಂಡತಿಯ ಎದುರು ಬಯಲಾಗುತ್ತಿತ್ತು. ಯಾರೋ ಅವನ ಕಪಾಳಕ್ಕೆ ಬಾರಿಸಿದರು. ಇನ್ನೊಬ್ಬ, ಮತ್ತೊಬ್ಬ. ಖಣದ ಗಂಟು ಉಸುಕಿಗೆ ಬಿತ್ತು, ಕಾಲುಗಳ ನಡುವೆ ಹೋಯಿತು. ಅವನ ಮಗಳು, ದೊಡ್ಡವ್ವ ಹೆಣೆದ ಜಡೆಯ ಹುಡುಗಿ, ಬಾಯಿ ತೆರೆದು ಅಳುತ್ತಿದ್ದಳು. ಯಾರೋ ನನ್ನ ಬೆನ್ನು ತಟ್ಟಿ ‘ಶಾಬಾಸ್’ ಎಂದರು. ನಾನು ಆ ಶಾಬಾಸನ್ನು ತೆಗೆದುಕೊಂಡು ಅಲ್ಲಿಂದ ನಡೆದುಬಿಟ್ಟೆ.

ರಸ್ತೆಯಂಚಿನಲ್ಲಿ ಶಾಂತಾ ಮತ್ತು ದೊಡ್ಡವ್ವ ಕಾಯುತ್ತಿದ್ದರು. ಜನರ ಗುಂಪಿನಾಚೆ ಅವರಿಗೆ ಏನೂ ಕಂಡಿರಲಿಲ್ಲ. ಕಳ್ಳ ಸಿಕ್ಕ ಎಂದೆ.

“ಬಡೀಬ್ಯಾಡ್ರಿ ಅಂತ ಹೇಳೋ. ಹೊಟ್ಟಿಗಿ ಇರಲಿಕ್ಕಿಲ್ಲ ಪಾಪ” ಎಂದಳು ದೊಡ್ಡವ್ವ.

ವಸತಿಗೃಹಕ್ಕೆ ಬಂದು ಕೈಕಾಲು ತೊಳೆದು ಪೂಜೆಗೆ ಕೂರುವಾಗ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಕೈ ಅಲ್ಲಿಯೇ ನಿಂತಿತು. “ಈರಣ್ಣಾ, ಲಿಂಗ...” ಎಂದು ನೆಲಕ್ಕೆ ಕುಸಿದಳು. ಆಗಲಾದರೂ ಹೇಳಬಹುದಿತ್ತು. ಚೌಪಾಟಿ ದೂರವಿರಲಿಲ್ಲ, ಹುಡುಕಬಹುದಿತ್ತು. ಆದರೆ ಅಲ್ಲಿ ಅವನಿರಬಹುದು, ದೊಡ್ಡವ್ವನ ಎದುರು ಅವನು ಬಾಯಿ ಬಿಡಬಹುದು... ನಾನು ಹೇಳಿದ್ದು ಇಷ್ಟು: “ಅವರು ಜೋಡಿ ಇರತಾರ ದೊಡ್ಡವ್ವಾ. ಒಬ್ಬ ಸಿಕ್ಕ, ಇನ್ನೊಬ್ಬ ಕತ್ತರಿಸಿಕೊಂಡು ಓಡಿದ.”

“ಆ ದಾರ ಕತ್ತರಸಾಕ ಬರಂಗಿಲ್ಲ ಅಂದಿದ್ದೆಲ್ಲೋ?” ಕುಹಕವಲ್ಲ, ನಿಜವಾಗಿ ಕೇಳಿದಳು.

“ಮುಂಬಯಿ ಕಳ್ಳರಿಗಿ ಬರತೈತಿ.”

ನಂಬಿದಳು. ನಾನು ಹೇಳಿದ್ದನ್ನು ಅವಳು ಯಾವಾಗಲೂ ನಂಬುತ್ತಿದ್ದಳು. ಮರುದಿನ ಬೆಳಕು ಹರಿಯುತ್ತಲೇ ಹಾಲು ತರುವ ನೆಪದಲ್ಲಿ ಒಬ್ಬನೇ ಹೋಗಿ ಉಸುಕು ಕೆದರಿದೆ. ಏನೂ ಸಿಗಲಿಲ್ಲ.

ಲಿಂಗವಿಲ್ಲದೆ ದೊಡ್ಡವ್ವ ಅನ್ನ ಮುಟ್ಟುವುದಿರಲಿ, ನೀರು ಕೂಡ ಕುಡಿಯಲಿಲ್ಲ. ಅಂದೇ ಹೊರಟೆವು. ಮೀರಜದಲ್ಲಿ ಗಾಡಿ ಬದಲಿಸುವ ಹೊತ್ತಿಗೆ ಅವಳ ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು. ಎದುರಿನ ಸೀಟಿನ ಹೆಂಗಸೊಬ್ಬಳು ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಲು ಬಂದಳು. ದೊಡ್ಡವ್ವ ಸೆರಗನ್ನು ಎದೆಗೆ ಅವಚಿಕೊಂಡು ಕಿಟಕಿಯ ಕಡೆ ಸರಿದಳು. ಅವಳು ಮನುಷ್ಯರಿಂದ ದೂರ ಸರಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಪಗಾಂವಿನಲ್ಲಿ ಮಠದ ಅಯ್ಯನವರು ಹೊಸ ಲಿಂಗ ಕಟ್ಟಿ, ಪಾದೋದಕ ಕೊಟ್ಟು ಅವಳನ್ನು ಉಳಿಸಿದರು. ಬೆಳ್ಳಿಯ ಕರಡಿಗೆ ಮರಳಿಸಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ. “ನಿನ್ನ ಹತ್ರನ ಇರಲಿ. ನಿನ್ನ ಕೈಯಾಗ ಇದ್ದದ್ದು ಕಳಿಯಂಗಿಲ್ಲ” ಎಂದಳು. ಅದು ಈಗಲೂ ನಮ್ಮ ಕಪಾಟಿನಲ್ಲಿದೆ, ಖಾಲಿ.

ದೇಹ ಉಳಿಯಿತು. ಆದರೆ ಆ ಮನೆಯ ಬಾಗಿಲು ಮುಚ್ಚಿತು. ಮುಂದಿನ ಸುಗ್ಗಿಗೆ ನಾನು ಹೋದಾಗ ಕಬ್ಬಿನ ಗಾಡಿಯವನೊಬ್ಬ ಹೊರಗೆ ನಿಂತು “ಯವ್ವಾ, ನೀರು” ಎಂದು ಕೂಗುತ್ತಿದ್ದ. ಹಗಲಲ್ಲೇ ಬಾಗಿಲಿಗೆ ಅಗಳಿ ಬಿದ್ದಿತ್ತು. ನನ್ನ ದನಿ ಕೇಳಿದ ಮೇಲೆ ಅಗಳಿ ತೆಗೆದಳು, ನನ್ನನ್ನು ಒಳಗೆಳೆದುಕೊಂಡು ಮತ್ತೆ ಹಾಕಿದಳು. “ನೀ ಹೇಳತಿದ್ದಿ, ನನಗ ತಿಳೀಲಿಲ್ಲ. ಮಂದೀನ ನಂಬಬಾರದು ನೋಡು” ಎಂದಳು. ಇಡೀ ಊರಿಗೆ ಪಾಠ ಹೇಳಿದ ನನಗೆ ಸಿಕ್ಕ ನಿಜವಾದ ಶಿಷ್ಯೆ ಅವಳೊಬ್ಬಳೇ. ಆ ಗಾಡಿಯವನಿಗೆ ಎದ್ದು ನೀರು ಕೊಡುವ ಯೋಗ್ಯತೆಯೂ ಅಂದು ನನಗಿರಲಿಲ್ಲ.

ನಾನು ಚಿಕ್ಕವನಿದ್ದೆ, ಹೆದರಿದ್ದೆ ಎಂದು ಬರೆಯಲು ಕೂತರೆ ಬರೆಯಬಹುದು. ಅಂಥ ಬರಹ ಓದಿದರೆ ನಾನೇ ಉಗುಳುತ್ತೇನೆ. ಶಾಂತಾಳಿಗೆ ಇವತ್ತಿನವರೆಗೂ ಹೇಳಿಲ್ಲ, ಈ ಹಾಳೆಗಳನ್ನು ಮೊದಲು ಅವಳ ಕೈಗೇ ಕೊಡುತ್ತೇನೆ. ನೀವು ಇನ್ನು ಮೇಲೆ ನಮ್ಮ ಕಟ್ಟೆಗೆ ಬುದ್ಧಿ ಕೇಳಲು ಬರಬೇಡಿ. ಆ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ, ಅವನ ಮಗಳಿಗೆ ಈಗ ಮೊಮ್ಮಕ್ಕಳಿರಬಹುದು. ಅವರಿಗೆ ಹೇಳುವ ದಾರಿ ನನಗಿಲ್ಲ. ದೊಡ್ಡವ್ವನಿಗೆ ಹೇಳುವ ದಾರಿ ಇತ್ತು, ವರ್ಷಗಟ್ಟಲೆ ಇತ್ತು.

ಅವಳ ಕೊನೆಯ ಬೇನೆಯಲ್ಲಿ ಬೈಲಹೊಂಗಲದ ದವಾಖಾನೆಗೆ ಸೇರಿಸಿದ್ದೆವು. ಎದೆ ಪರೀಕ್ಷಿಸಲು ನರ್ಸಬಾಯಿ ಲಿಂಗದ ದಾರ ಸರಿಸಲು ಹೋದರೆ ಅವಳು ಅದನ್ನು ಎರಡೂ ಕೈಯಿಂದ ಮುಚ್ಚಿಕೊಂಡು “ಕಳ್ಳರು, ಕಳ್ಳರು” ಎಂದು ಕೂಗಿದಳು. ನರ್ಸಬಾಯಿ ಹಿಂದೆ ಸರಿದಳು. ದೊಡ್ಡವ್ವ ಕಣ್ಣು ಆಡಿಸಿ ನನ್ನನ್ನು ಹುಡುಕಿದಳು.

“ನನ್ನ ಈರಣ್ಣ ಅದಾನ. ಅವ ಮುಟ್ಟಲಿ. ಬ್ಯಾರೆ ಯಾರೂ ಬ್ಯಾಡ.”

ನಾನು ಹತ್ತಿರ ಹೋಗಿ ದಾರ ಸರಿಸಿದೆ. ಅವಳು ಕೈ ಸಡಿಲಿಸಿ, ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು. ಆಗಲೂ ನಾನು ಹೇಳಲಿಲ್ಲ.