ದೊಡ್ಡಮ್ಮ ಕೊಡದ ಬಲಿ

ನನ್ನ ದೊಡ್ಡಮ್ಮನ ಬಲಗೈಯ ಎರಡು ಬೆರಳುಗಳನ್ನು ಇಸ್ತ್ರಿ ಯಂತ್ರ ನುಂಗಿತು. ನಮ್ಮ ಚರ್ಚಿನವರು ಅದನ್ನು ಬಲಿ ಎಂದರು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಪ್ಪತ್ತೆರಡು ವರ್ಷ ಅವಳು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದುಡಿದಳು. ಅಲ್ಲಿ ಕಾದ ರೋಲರುಗಳ ದೊಡ್ಡ ಇಸ್ತ್ರಿ ಯಂತ್ರವೊಂದಿದೆ. ಇಬ್ಬರು ಹೆಂಗಸರು ಒದ್ದೆ ಬೆಡ್‌ಶೀಟಿನ ಎರಡು ತುದಿ ಹಿಡಿದು ಅದರೊಳಗೆ ಬಿಡಬೇಕು. ರೋಲರಿನ ಮುಂದೆ ಒಂದು ಕಬ್ಬಿಣದ ಸರಳು. ಕೈ ಅದಕ್ಕೆ ತಾಗಿದರೆ ಯಂತ್ರ ನಿಲ್ಲಬೇಕು. ಬಟ್ಟೆಯ ಮಡಿಕೆ ತಾಗಿದರೂ ನಿಲ್ಲುತ್ತಿತ್ತು. ಗಳಿಗೆಗೊಮ್ಮೆ ನಿಂತರೆ ಕೆಲಸ ಸಾಗುವುದು ಹೇಗೆಂದು ಲಾಂಡ್ರಿಯ ಯಜಮಾನರು ಸರಳನ್ನು ಮೇಲೆತ್ತಿ ತಂತಿಯಿಂದ ಬಿಗಿಸಿಬಿಟ್ಟಿದ್ದರು. ಅದನ್ನು ಬಿಚ್ಚಿ ಎಂದು ದೊಡ್ಡಮ್ಮ ಹೇಳಿದಾಗಲೆಲ್ಲ "ನೋಡೋಣಮ್ಮ" ಎನ್ನುತ್ತಿದ್ದರು. ನೋಡಲಿಕ್ಕೆ ಅವರಿಗೆ ಕಣ್ಣಿರಲಿಲ್ಲವೇ?

ಯಜಮಾನರು ನಮ್ಮ ಚರ್ಚಿನ ಹಿರಿಯರು. ಅವಳ ಬೆರಳು ಹೋದ ಮರುಭಾನುವಾರ ಎಲ್ಲರೆದುರು ಮೊಣಕಾಲೂರಿ ಗಳಗಳನೆ ಅತ್ತರು. "ನನ್ನ ಪಾಪಕ್ಕೆ ಕರ್ತನೇ ಶಿಲುಬೆ ಮೇಲೆ ಪ್ರಾಯಶ್ಚಿತ್ತ ಮಾಡಿಯಾಗಿದೆ, ನನಗೆ ಬಿಡುಗಡೆ ಸಿಕ್ತು" ಎಂದರು. ಇಡೀ ಸಭೆ ಆಮೆನ್ ಎಂದಿತು. ಅಷ್ಟು ಕಣ್ಣೀರಿಗೆ ಆ ತಂತಿಯ ಒಂದು ಸುತ್ತೂ ಸಡಿಲವಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಅದೇ ಯಂತ್ರದ ಮುಂದೆ, ದೊಡ್ಡಮ್ಮನ ಜಾಗದಲ್ಲಿ, ಅವಳ ತಂಗಿ ನಿಂತಿದ್ದಳು. ಅವಳೇ ನನ್ನ ಅಮ್ಮ.

ಎರಡು ವಾರ ಕಳೆದ ಮೇಲೆ ಪಾದ್ರಿಗಳು ಮನೆಗೆ ಬಂದರು. "ನಿನ್ನ ನೋವನ್ನ ದೇವರಿಗೆ ಬಲಿ ಅಂತ ಒಪ್ಪಿಸಿಬಿಡಮ್ಮ. ಭಾನುವಾರ ಎದ್ದು ನಿಂತು, ಯಜಮಾನ್ರನ್ನ ಕ್ಷಮಿಸಿದೀನಿ ಅಂತ ಸಾಕ್ಷಿ ಹೇಳು."

ಎಡಗೈಯಲ್ಲಿ ಲೋಟ ಹಿಡಿಯುವುದನ್ನು ಕಲಿಯುತ್ತಿದ್ದ ದೊಡ್ಡಮ್ಮ "ಆಗ್ಲಿ, ಹೇಳ್ತೀನಿ" ಎಂದುಬಿಟ್ಟಳು.

ಅವರು ಹೊರಟದ್ದೇ ತಡ, ನಾನು ಸಿಡಿದೆ. "ನಿಂಗೇನು ತಲೆ ಕೆಟ್ಟಿದ್ಯಾ ದೊಡ್ಡಮ್ಮ?"

"ಸುಮ್ನಿರೇ, ಬಾಯಿಬಡುಕಿ" ಎಂದಳು.

ಭಾನುವಾರ ಎದ್ದು ನಿಂತಳು. "ಯೇಸು ತನ್ನ ಪ್ರಾಣ ತಾನೇ ಕೊಟ್ಟ. ನಾನು ಬೆರಳು ಕೊಟ್ಟಿಲ್ಲ, ಕಿತ್ಕೊಂಡಿದ್ದು. ಅದನ್ನ ಬಲಿ ಅನ್ಬೇಡಿ. ಯಜಮಾನ್ರೆ, ನನ್ನ ತಂಗಿ ನಾಳೇನೂ ಅಲ್ಲೇ ನಿಲ್ತಾಳೆ. ಇನ್ನೂ ಎಷ್ಟು ಬೆರಳು ಬೇಕು ನಿಮಗೆ?"

ಪಾದ್ರಿಗಳು ಹಾಡಿನ ಪುಸ್ತಕ ತಿರುವಿಹಾಕತೊಡಗಿದರು. ದೊಡ್ಡಮ್ಮ ಕೂರಲಿಲ್ಲ. "ಬನ್ನಿ, ಲಾಂಡ್ರಿಗೆ ಹೋಗಣ" ಎಂದಳು.

ಅಷ್ಟು ಜನರೆದುರು ಯಜಮಾನರು ಒಲ್ಲೆ ಎನ್ನುವುದು ಹೇಗೆ? ಎದ್ದರು. ಅರ್ಧ ಸಭೆಯೇ ಹಿಂದೆ ಬಂತು. ಭಾನುವಾರದ ಕೋಟು ಹಾಕಿಕೊಂಡೇ ಇಕ್ಕಳ ಹಿಡಿದು ತಂತಿ ಕತ್ತರಿಸಿದರು, ಸರಳು ಇಳಿಸಿದರು, ಯಂತ್ರ ಚಾಲೂ ಮಾಡಿದರು.

"ಈಗ ಸರಳಿಗೆ ಕೈ ತಾಗಿಸಿ ನೋಡಿ" ಎಂದಳು ದೊಡ್ಡಮ್ಮ.

"ನಾಳೆ ಮೆಕ್ಯಾನಿಕ್ ಬಂದು ನೋಡ್ತಾನಮ್ಮ."

"ನಾಳೆ ಅಲ್ಲಿ ನನ್ನ ತಂಗಿ ಕೈ ಇರುತ್ತೆ. ಇವತ್ತು ನಿಮ್ದು ಇಡಿ."

ಯಜಮಾನರು ಕೋಟಿನ ತೋಳು ಮೇಲೆ ಸರಿಸಿದರು. ಕಣ್ಣು ಮುಚ್ಚಿ ಮುಟ್ಟಿದರು. ರೋಲರು ನಿಂತಿತು. ನಿಜ ಹೇಳುತ್ತೇನೆ, ಅದು ನಿಲ್ಲದಿರಲಿ ಎಂದು ನಾನು ಒಂದು ಕ್ಷಣ ಬಯಸಿದ್ದೆ. ದೊಡ್ಡಮ್ಮ ಮಾತ್ರ ಅವರ ಬೆರಳುಗಳನ್ನೇ ನೋಡುತ್ತ ಉಸಿರು ಬಿಗಿಹಿಡಿದಿದ್ದಳು.

ಯಜಮಾನರು ಬೆವರೊರೆಸಿಕೊಂಡು ಕೇಳಿದರು. "ಈಗಲಾದ್ರೂ ಕ್ಷಮಿಸ್ತೀಯೇನಮ್ಮ?"

"ಕ್ಷಮಿಸಿದ್ದು ಆಸ್ಪತ್ರೇಲೇ ಆಯ್ತು ಯಜಮಾನ್ರೆ. ನೀವು ಬಂದು ತಂತಿ ಬಿಚ್ಚೋದೊಂದು ಬಾಕಿ ಇತ್ತು."