ಬುಧವಾರದ ತೊಂಬತ್ತೆರಡು

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಪ್ರಾಕ್ಟಿಕಲ್ ಪುಸ್ತಕದಲ್ಲಿ ಯಾರಾದರೂ ಪಕ್ಕದವರ ರೀಡಿಂಗ್ ನೋಡಿ ಬರೆದಿದ್ದರೆ ಆ ಹಾಳೆಯನ್ನೇ ಹರಿದು ಕೈಗೆ ಕೊಡುತ್ತಿದ್ದೆ. ‘ಥರ್ಮಾಮೀಟರು ಏನು ತೋರಿಸ್ತೋ ಅದನ್ನ ಬರಿ. ನಿನಗೆ ಬೇಕಾದ್ದನ್ನಲ್ಲ’ ಎಂದು ಬೈಯುತ್ತಿದ್ದೆ. ನಿವೃತ್ತಿಯಾದ ಮೇಲೂ ಆ ಜಂಬ ಹೋಗಿರಲಿಲ್ಲ. ಕೊನೆಗೆ ನನ್ನ ಮರ್ಯಾದೆ ತೆಗೆದದ್ದೂ ಅದೇ.

ಶ್ರೀರಾಂಪುರದಲ್ಲಿ ನಮ್ಮ ಮನೆಯಿಂದ ಮೂರನೇ ಮನೆ ನನ್ನ ಗೆಳತಿಯದು. ಇಪ್ಪತ್ತೆರಡು ವರ್ಷದ ಸ್ನೇಹ. ಬೆಳಿಗ್ಗೆ ಆರಕ್ಕೆ ಇಬ್ಬರೂ ವಾಕಿಂಗ್ ಹೊರಡುತ್ತಿದ್ದೆವು. ಅವರ ಮನೆಯ ಹುಳಿ ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಮನೆಯ ಪಲ್ಯ ಅಲ್ಲಿಗೆ ಹೋಗುತ್ತಿತ್ತು. ಅವಳಿಗೆ ಗೊತ್ತಿದ್ದ ಒಬ್ಬ ಹುಡುಗಿ ಕಾಲೇಜಿನಲ್ಲಿ ಮನಃಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಒಳ್ಳೆಯದೋ ಕೆಟ್ಟದ್ದೋ ಏನಾದರೂ ನಡೆದಾಗ ಮನಸ್ಸು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ, ಮತ್ತೆ ಎಷ್ಟು ಹೊತ್ತಿಗೆ ಮೊದಲಿನಂತಾಗುತ್ತದೆ ಎಂಬುದಕ್ಕೆ ಒಂದು ಸೂತ್ರ ಕಟ್ಟಬೇಕಂತೆ. ಅದಕ್ಕೆ ಐವತ್ತು ದಾಟಿದ ಹೆಂಗಸರು ಬೇಕಾಗಿದ್ದರು. ‘ಮನಸ್ಸಿಗೂ ಗ್ರಾಫೇನೇ?’ ಎಂದು ನಾನು ನಕ್ಕೆ. ‘ಸುಮ್ನೆ ಬಾರೆ, ಮನೇಲಿ ಕೂತು ಏನು ಕಡ್ದು ಕಟ್ಟೆ ಹಾಕ್ತೀಯ’ ಎಂದು ಗೆಳತಿ ಎಳೆದುಕೊಂಡು ಹೋದಳು.

ಒಂದು ತಿಂಗಳು, ದಿನಕ್ಕೆ ಐದು ಸಲ ಫೋನು ಗಂಟೆ ಹೊಡೆಯುವುದು. ‘ಈಗ ಹೇಗನ್ನಿಸುತ್ತಿದೆ?’ ಎಂಬ ಪ್ರಶ್ನೆ, ಕೆಳಗೊಂದು ಗೆರೆ. ಸೊನ್ನೆಯಿಂದ ನೂರರವರೆಗೆ ಎಲ್ಲಾದರೂ ಬೆರಳಿಡಬೇಕು. ಆಮೇಲೆ, ಹಿಂದಿನ ಸಲ ಗಂಟೆ ಹೊಡೆದಾಗಿನಿಂದ ಈಚೆಗೆ ಏನಾದರೂ ನಡೆಯಿತೇ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಒತ್ತಬೇಕು. ನಾನು ಒಂದು ಗಂಟೆಯನ್ನೂ ತಪ್ಪಿಸಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಮೊದಲು ಬೆರಳಿಟ್ಟೆ.

ಇಲ್ಲೊಂದು ವಿಷಯ ಹೇಳಲೇಬೇಕು. ನನ್ನ ಮಗಳಿಗೆ ಆಗ ಮೂವತ್ತನಾಲ್ಕು. ಎಂಟು ವರ್ಷದಿಂದ ಜಾತಕ ಹಿಡಿದು ಓಡಾಡಿ ನಮ್ಮ ಚಪ್ಪಲಿ ಸವೆದಿತ್ತು. ಗೆಳತಿಯ ಮಗಳಿಗೆ ಇಪ್ಪತ್ತಾರು. ನೋಡಿದ ಮೊದಲ ಗಂಡೇ ಒಪ್ಪಿಗೆಯಾಗಿಬಿಟ್ಟಿತು. ಆಮೇಲೆ ವಾಕಿಂಗಿನಲ್ಲಿ ದಿನವೂ ಅದೇ ಮಾತು. ಸೀರೆ, ಛತ್ರ, ಅಡುಗೆಯವರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಆ ಹುಡುಗಿ ಹತ್ತನೇ ಕ್ಲಾಸಿನಲ್ಲಿ ನಮ್ಮ ಮನೆ ನಡುಮನೆಯಲ್ಲೇ ಕೂತು ನನ್ನಿಂದ ಪಾಠ ಹೇಳಿಸಿಕೊಂಡವಳು. ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ, ಎಂಥ ಜನ್ಮ ನನ್ನದು!

ಮೂರನೇ ವಾರದ ಬುಧವಾರ ಗಂಡಿನ ಕಡೆಯವರು ಸಂಬಂಧ ಬೇಡವೆಂದು ಫೋನು ಮಾಡಿದರು. ಸುದ್ದಿ ತಿಳಿದ ತಕ್ಷಣ ಓಡಿದೆ. ಗೆಳತಿ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ‘ಬೇಡ ಅಂದ್ಬುಟ್ರು ಕಣೆ’ ಎಂದಳು, ಅಷ್ಟೇ. ತಬ್ಬಿಕೊಂಡು ನಾನೂ ಅತ್ತೆ. ಆ ಕಣ್ಣೀರು ನಾಟಕವಲ್ಲ, ಈಗಲೂ ಆಣೆ ಮಾಡಿ ಹೇಳಬಲ್ಲೆ. ಮಧ್ಯಾಹ್ನ ಮನೆಗೆ ಬಂದು ಮೊರದಲ್ಲಿ ಅಕ್ಕಿ ಹರಡಿಕೊಂಡು ಕುಳಿತಾಗ ಫೋನು ಗಂಟೆ ಹೊಡೆಯಿತು. ಆಗಷ್ಟೇ ನನ್ನೊಳಗೆ ಇಣುಕಿ ನೋಡಿಕೊಂಡೆ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು. ಹಗುರವಾಗಿತ್ತು, ಸುಖವಾಗಿತ್ತು. ರೀಡಿಂಗ್ ಸುಳ್ಳು ಬರೆಯಬಾರದಲ್ಲ, ತೊಂಬತ್ತೆರಡರ ಮೇಲೆ ಬೆರಳಿಟ್ಟೆ. ‘ಒಳ್ಳೆಯದು’ ಎಂದು ಒತ್ತಿದೆ. ಹೆಸರಿಲ್ಲ, ಬರೀ ನಂಬರು, ಯಾರಿಗೆ ಗೊತ್ತಾಗಬೇಕು ಎಂದುಕೊಂಡು ಅಕ್ಕಿ ಆರಿಸತೊಡಗಿದೆ.

ತಿಂಗಳು ಮುಗಿದ ಮೇಲೆ ಸಂಶೋಧನೆಯ ಹುಡುಗಿ ಇಬ್ಬರನ್ನೂ ಕಾಲೇಜಿಗೆ ಕರೆದಳು. ‘ನಿಮ್ಮ ನಿಮ್ಮ ಗ್ರಾಫ್ ತೋರಿಸ್ತೀನಿ ಆಂಟಿ. ಒಬ್ಬೊಬ್ರಾಗಿ ಬನ್ನಿ’ ಎಂದಳು.

‘ಒಟ್ಗೇ ತೋರ್ಸಮ್ಮ. ನಮ್ಮಿಬ್ರಲ್ಲಿ ಗುಟ್ಟೇನಿದೆ’ ಎಂದಳು ಗೆಳತಿ.

ಹುಡುಗಿ ನನ್ನ ಮುಖ ನೋಡಿದಳು. ಬೇಡವೆಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ತಲೆಯಾಡಿಸಿದೆ.

ಪರದೆಯ ಮೇಲೆ ಎರಡು ಗೆರೆ ಬಂದವು, ಕೆಳಗೆ ದಿನ, ಸಮಯ. ಬುಧವಾರ ಹನ್ನೊಂದಕ್ಕೆ ಗೆಳತಿಯ ಗೆರೆ ನೆಲ ಕಚ್ಚಿತ್ತು. ಅದೇ ಬುಧವಾರ ಮೂರು ಗಂಟೆಗೆ ನನ್ನದು ಮೇಲೆ ಹೋಗಿ ನಿಂತಿತ್ತು.

‘ಇದು ನಿಮ್ಮ ತಿಂಗಳಲ್ಲೇ ಎಲ್ಲಕ್ಕಿಂತ ಮೇಲಿರೋದು ಆಂಟಿ. ಒಳ್ಳೇದು ಅಂತ ಬೇರೆ ಒತ್ತಿದೀರ. ಏನಾಯ್ತು ಅವತ್ತು?’

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೆಳತಿ ಪರದೆಯನ್ನೇ ನೋಡುತ್ತಿದ್ದಳು. ದಿನ ಓದಿದಳು, ಸಮಯ ಓದಿದಳು. ನನ್ನ ಕಡೆ ತಿರುಗಲಿಲ್ಲ.

‘ಅವತ್ತು ಇವಳ ತಮ್ಮಂಗೆ ಆಪರೇಷನ್ ಆಗಿ ಮನೆಗೆ ಕಳ್ಸಿದ್ರು. ಬರ್ಕೊಳಮ್ಮ’ ಎಂದಳು.

ಹುಡುಗಿ ಬರೆದುಕೊಂಡಳು. ನನಗೆ ತಮ್ಮನೇ ಇಲ್ಲ.

ಆಟೋದಲ್ಲಿ ಬರುವಾಗ ಅವಳು ಸೊಪ್ಪಿನ ವಿಷಯ ಮಾತಾಡಿದಳು. ಮರುದಿನ ಆರಕ್ಕೆ ಎಂದಿನಂತೆ ಗೇಟಿನ ಹತ್ತಿರ ನಿಂತಿದ್ದಳು. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವಳು ಬೈಯಲೇ ಇಲ್ಲ. ಕ್ಷಮಿಸು ಎನ್ನಲು ದಿನವೂ ಬಾಯಿ ತೆರೆದು, ಮಂಡಿ ನೋವಿನ ಮಾತಾಡಿ ಮನೆಗೆ ಬರುತ್ತಿದ್ದೆ. ಅವಳು ಮಗಳ ಸುದ್ದಿಯನ್ನು ಮಾತ್ರ ಮತ್ತೆ ಎತ್ತಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಶುಕ್ರವಾರ ಸಂಜೆ ಗಂಡನ ಜೊತೆ ಬಂದು, ಕುಂಕುಮ ಕೊಟ್ಟು, ಲಗ್ನಪತ್ರಿಕೆ ಕೈಗಿಟ್ಟಳು. ಮಗಳಿಗೆ ಬೇರೆ ಗಂಡು ಗೊತ್ತಾಗಿತ್ತು. ಭಾನುವಾರ ಬೆಳಿಗ್ಗೆ, ಬನ್ನಿಮಂಟಪದ ಛತ್ರದಲ್ಲಿ ಮದುವೆ. ಅಂದರೆ ನಾಡಿದ್ದು.

‘ಒಂದು ಮಾತೂ ಹೇಳ್ಲಿಲ್ವಲ್ಲೇ’ ಎಂದೆ.

‘ಒಂದ್ಸಲ ತಪ್ಪಿದ್ದಲ್ವಾ, ಕಣ್ಣಾಗುತ್ತೆ, ಯಾರಿಗೂ ಬಾಯಿ ಬಿಡ್ಬೇಡ ಅಂದ್ರು ನಮ್ಮತ್ತೆ. ಬೇಜಾರ್ ಮಾಡ್ಕೋಬೇಡ ಕಣೆ’ ಎಂದಳು. ಇಸ್ತ್ರಿ ಅಂಗಡಿಯವರಿಗೆ ತಿಂಗಳ ಹಿಂದೆಯೇ ಗೊತ್ತಿತ್ತೆಂದು ಆಮೇಲೆ ತಿಳಿಯಿತು.

ಮದುವೆಗೆ ಹೋದೆ. ಧಾರೆಯ ಹೊತ್ತಿಗೆ ಯಾರೋ ಮುಂದೆ ಬನ್ನಿ ಮೇಡಂ ಎಂದು ಕರೆದರು. ಕಂಬದ ಪಕ್ಕದಲ್ಲೇ ನಿಂತೆ. ನಾನು ಪಾಠ ಹೇಳಿದ ಹುಡುಗಿಯನ್ನು ಮದುವಣಗಿತ್ತಿಯಾಗಿ ಕಣ್ತುಂಬ ನೋಡಬೇಕೆಂದು ಆಸೆಯಿತ್ತು. ನನ್ನ ಕಣ್ಣೇ ತಾಗೀತೆಂದು ಹೆದರಿಕೆಯಾಯಿತು. ತಲೆ ತಗ್ಗಿಸಿಕೊಂಡೇ ಅಕ್ಷತೆ ಎಸೆದೆ.